ಗ್ರಾಮಸ್ಥರು ಅಂದರೆ ಯಾರು?

ಸಕಲೇಶಪುರದಿಂದ ಘಟ್ಟ ಇಳಿಯುವ ರೈಲು ಎಡಕುಮೇರಿಯಲ್ಲಿ ಕ್ರಾಸಿಂಗ್‌ಗೆ ನಿಂತಿತ್ತು. ಬಸ್ಸು ಬಾರದ ಕಾಡಿನ ನಡುವಿನ ಸಣ್ಣ ಸ್ಟೇಷನ್ನು. ನಾವು ನಾಲ್ಕೈದು ಜನ, ಮೇಷ್ಟ್ರುಗಳು, ಸಂಘಟನೆಯ ಹುಡುಗರು, ಮಂಗಳೂರಿನ ಕಡೆ ಒಂದು ಸಭೆಗೆ ಹೊರಟಿದ್ದೆವು. ಎದುರು ಸೀಟಿನಲ್ಲಿ ಬೆಂಗಳೂರಿನ ಒಂದು ಸಂಸಾರ. ಒಳ್ಳೆಯ ಜನ, ನಮಗೂ ಚಕ್ಕುಲಿ ಕೊಟ್ಟರು. ಆ ಮನೆಯ ಯಜಮಾನರು ಕಿಟಕಿಯಾಚೆ ನೋಡಿ, "ಎಂಥ ಜಾಗ ಸಾರ್, ಒಬ್ಬ ಮನುಷ್ಯ ಇಲ್ಲ" ಅಂದರು. ಅವರು ಆ ಮಾತು ಆಡಿದಾಗ ಕಿಟಕಿಯಿಂದ ಮೂರು ಮಾರು ದೂರದಲ್ಲಿ, ಪಕ್ಕದ ಹಳಿಯ ಜಲ್ಲಿ ಮೇಲೆ, ಆರು ಜನ ಗ್ಯಾಂಗಿನವರು ನಿಂತಿದ್ದರು. ಹೆಗಲ ಮೇಲೆ ಹಾರೆ, ಕೈಯಲ್ಲಿ ಸುತ್ತಿಗೆ, ತಲೆ ಮೇಲೆ ನೆಂದ ಪ್ಲಾಸ್ಟಿಕ್ ಕೊಪ್ಪೆ. ರೈಲು ಹೋಗಲಿ ಅಂತ ದಾರಿ ಬಿಟ್ಟು ನಿಂತಿದ್ದರು.

ಆ ಆರು ಜನರ ಜಾತಿ ಯಾವುದೋ ನಾವು ಕೇಳಲಿಲ್ಲ. ಎಲ್ಲ ಜಾತಿಯವರೂ ಇದ್ದಿರಬಹುದು. ನಮ್ಮನ್ನು ಕೊರೆದದ್ದು ಬೇರೆ ಪ್ರಶ್ನೆ. ಕಣ್ಣೆದುರು ನಿಂತ ಆರು ಜನರನ್ನು ಕಂಡೂ "ಒಬ್ಬ ಮನುಷ್ಯ ಇಲ್ಲ" ಅನ್ನುವ ಮಾತು ಒಬ್ಬ ಸಜ್ಜನರ ಬಾಯಲ್ಲಿ ಅಷ್ಟು ಸಲೀಸಾಗಿ ಹೇಗೆ ಬಂತು? ಅವರು ಯಾರನ್ನೂ ಬೈಯಲಿಲ್ಲ. ಯಾರ ಮೇಲೂ ಅವರಿಗೆ ದ್ವೇಷವಿಲ್ಲ. ಕೆಟ್ಟ ಮನಸ್ಸಿಲ್ಲದೆ ಆಡಿದ ಮಾತು ತಪ್ಪೇ? ಗೆಳೆಯರೆ, ಈ ಬರಹ ಅದೊಂದೇ ಪ್ರಶ್ನೆಯ ಸುತ್ತ ಇದೆ.

ನಾವು ಈ ನೋಡದೆ ನೋಡುವ ವಿದ್ಯೆಯನ್ನು ಎಲ್ಲಿ ಕಲಿತೆವು? ಊರಲ್ಲಿ ಕಲಿತೆವು. ಊರು ಅನ್ನುವ ಪದದಲ್ಲೇ ಕಲಿತೆವು. ಆಲೂರು ಸೀಮೆಯ ಯಾವ ಹಳ್ಳಿಗಾದರೂ ಹೋಗಿ, "ಊರೋರೆಲ್ಲ ಸೇರಿದ್ರು" ಅಂದರೆ ಯಾರು ಸೇರಿದ್ದರು ಅಂತ ಕೇಳಿ. ಊರು ಬೇರೆ, ಕೇರಿ ಬೇರೆ. ಕೇರಿ ಊರಿನ ಗ್ರಾಮಠಾಣದಲ್ಲಿದ್ದರೂ, ಪಂಚಾಯಿತಿ ಪಟ್ಟಿಯಲ್ಲಿದ್ದರೂ, ಊರಿನ ಸಾವಿಗೆ ತಮಟೆ ಹೊಡೆದರೂ, ಊರ ಮಾರಿಗೆ ಕೋಣ ಕಡಿದರೂ, ಊರು ಅಂದಾಗ ಅದು ಒಳಗೆ ಬರುವುದಿಲ್ಲ. ಈ ಭೇದವನ್ನು ಯಾರೂ ಪಾಠ ಮಾಡಿ ಹೇಳಿಕೊಡಲಿಲ್ಲ. ಅವ್ವನ ಹಾಲಿನ ಜೊತೆ ಬಂತು.

ಇದು ಹಳ್ಳಿ ಮುಕ್ಕರ ಮಾತು, ಓದಿದವರು ಹಾಗೆ ಬರೆಯುವುದಿಲ್ಲ ಅನ್ನಬೇಡಿ. ಪತ್ರಿಕೆ ತೆಗೆಯಿರಿ. "ದಲಿತರು ಮತ್ತು ಗ್ರಾಮಸ್ಥರ ನಡುವೆ ಘರ್ಷಣೆ." ಇಂಥ ಸಾಲು ಓದದ ಕನ್ನಡಿಗರಿದ್ದಾರೆಯೆ? ಹಾಗಾದರೆ ದಲಿತರು ಗ್ರಾಮಸ್ಥರಲ್ಲವೆ? ಆ ಗ್ರಾಮದಲ್ಲಿ ಹುಟ್ಟಿ, ಅಲ್ಲೇ ದುಡಿದು, ಅಲ್ಲೇ ಮಣ್ಣಾಗುವವರು ಅಲ್ಲಿನವರಲ್ಲ ಅಂದಮೇಲೆ ಎಲ್ಲಿನವರು? ಬರೆದ ವರದಿಗಾರರಿಗೆ ಕೆಟ್ಟ ಉದ್ದೇಶವಿರಲಿಕ್ಕಿಲ್ಲ. ಊರು-ಕೇರಿಯ ಬೇಲಿಯನ್ನು ಅವರು ಸಂಸ್ಕೃತದ ಪದದಲ್ಲಿ ಮತ್ತೆ ನೆಟ್ಟರು, ಅಷ್ಟೆ. ಸಾವಿರಾರು ಮನೆಗಳಿಗೆ ಬೆಳಗಿನ ಕಾಫಿ ಜೊತೆ ಆ ಬೇಲಿ ಹೋಗಿ ತಲುಪಿತು.

ಇನ್ನೊಂದು ಬೇಲಿ ಇದಕ್ಕಿಂತ ಸಣ್ಣದು. ಅದು ನಮ್ಮ ಕ್ರಿಯಾಪದದ ಬಾಲದಲ್ಲಿದೆ. ಬಂದನು, ಬಂದರು. ಕನ್ನಡದಲ್ಲಿ ಒಬ್ಬ ಮನುಷ್ಯನ ಬಗ್ಗೆ ಬಾಯಿ ತೆರೆದರೆ ಸಾಕು, ಅವನಿಗೆ ಎಷ್ಟು ಮರ್ಯಾದೆ ಅಂತ ತೀರ್ಮಾನಿಸದೆ ವಾಕ್ಯ ಮುಗಿಸಲು ಆಗುವುದಿಲ್ಲ. ಕಾಫಿ ತೋಟದಲ್ಲಿ ಇಪ್ಪತ್ತು ವಯಸ್ಸಿನ ಸಾಹುಕಾರರ ಮಗ "ಬಂದ್ರು", ಅರವತ್ತು ವಯಸ್ಸಿನ ಆಳು "ಬಂದ". ಆಳಿನ ಲೆಕ್ಕದಲ್ಲಿ ಗಂಡಾಳು ಇಷ್ಟು, ಹೆಣ್ಣಾಳು ಇಷ್ಟು. ಲೈನ್ ಮನೆಯಿಂದ ಬರುವ ಜನಕ್ಕೆ ಹೆಸರಿದ್ದರೂ ರೈಟರ್ ಪುಸ್ತಕದಲ್ಲಿ ಅರ್ಧ ಹೆಸರು. ಪತ್ರಿಕೆಯೂ ಇದೇ ರೈಟರ್ ಪುಸ್ತಕವನ್ನು ನಕಲು ಮಾಡುತ್ತದೆ. ತೋಟದ ಮಾಲೀಕರು ತೀರಿಕೊಂಡರೆ "ನಿಧನರಾದರು". ಅದೇ ತೋಟದಲ್ಲಿ ಮರಗಸಿ ಮಾಡುವಾಗ ಸಿಲ್ವರ್ ಮರದಿಂದ ಬಿದ್ದು ಸತ್ತವನು "ಎಂಬಾತ ಮೃತಪಟ್ಟಿದ್ದಾನೆ".

ಇಲ್ಲಿ ನಮ್ಮದೇ ಒಂದು ಕಥೆ ಹೇಳಬೇಕು. ನಮ್ಮಲ್ಲೊಬ್ಬರು ಮೇಷ್ಟ್ರು. ಕೇರಿಯಿಂದ ಬಂದವರು, ಹಾಸ್ಟೆಲಿನ ಅನ್ನ ತಿಂದು ಓದಿದವರು, ಮೂವತ್ತು ವರ್ಷದಿಂದ ಚಳವಳಿಯಲ್ಲಿದ್ದವರು. ಶಾಲೆಗೆ ಮಕ್ಕಳನ್ನು ಸೇರಿಸಿಕೊಳ್ಳುವ ದಿನ ಒಬ್ಬ ಪ್ಲಾಂಟರ ಮಗನನ್ನು "ನಿಮ್ ತಂದೆಯವ್ರು ಏನ್ಮಾಡ್ತಾರಪ್ಪ?" ಅಂತ ಕೇಳಿದರು. ಹಿಂದೆಯೇ ಬಂದದ್ದು ಲೈನ್ ಮನೆಯ ಹುಡುಗಿ. "ನಿಮ್ಮಪ್ಪ ಏನ್ಮಾಡ್ತಾನೆ?" ಅಂದರು. ಹುಡುಗಿ ತಲೆ ಬಗ್ಗಿಸಿಕೊಂಡೇ "ನಮ್ಮಪ್ಪ ತೋಟದ್ ಕೆಲ್ಸಕ್ ಹೋಗ್ತಾರೆ ಸಾ" ಅಂತು. ನಮ್ಮ ಕಡೆ ಮಕ್ಕಳು ಅಪ್ಪನನ್ನು ಬಹುವಚನದಲ್ಲಿ ಕರೆಯುವುದು ಅಪರೂಪ. ಮನೆಯಲ್ಲಿ ಆ ಹುಡುಗಿಯೂ "ಹೋಗ್ತಾನೆ" ಅಂತಲೇ ಅನ್ನುತ್ತಿತ್ತೋ ಏನೋ. ಆದರೆ ಆವತ್ತು, ಆ ಮೇಜಿನ ಮುಂದೆ, ಅಪ್ಪನಿಂದ ಕಿತ್ತುಕೊಂಡ "ರೆ"ಯನ್ನು ಆರು ವರ್ಷದ ಮಗು ವಾಪಸ್ಸು ಇಟ್ಟಿತು. ಮೇಷ್ಟ್ರು ಈ ಕಥೆಯನ್ನು ನಮ್ಮ ಸಭೆಯಲ್ಲಿ ಹೇಳಿ, "ಆ ನಾಲಿಗೆ ನನ್ನದೇ, ಆದ್ರೆ ಮಾತು ಗೌಡ್ರದ್ದು" ಅಂದರು. ಯಾರೂ ಮಾತಾಡಲಿಲ್ಲ.

ಹೆಸರಿನ ಮಾತು ಬಂದಮೇಲೆ ಆನೆಯ ಮಾತೂ ಬರಬೇಕು. ಆಲೂರು, ಸಕಲೇಶಪುರದ ತೋಟಗಳಲ್ಲಿ ಆನೆ ಕಾಟ ನಿಮಗೆ ಗೊತ್ತೇ ಇದೆ. 2023ರ ಡಿಸೆಂಬರ್ 4ರಂದು ಯಸಳೂರು ವಲಯದ ದಬ್ಬಳ್ಳಿಕಟ್ಟೆಯ ಹತ್ತಿರ ಕಾಡಾನೆ ಹಿಡಿಯಲು ಹೋದ ಅರ್ಜುನ ಸತ್ತಿತು. ಎಂಟು ದಸರೆಯಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ. ನಾಡೇ ಅತ್ತಿತು. ನಾವೂ ಅತ್ತೆವು. ಆ ಮೂಕಪ್ರಾಣಿಯ ಮೇಲೆ ನಮ್ಮ ಸಿಟ್ಟಿಲ್ಲ. ಕಾಡಾನೆಗಳಿಗೂ ಇಲ್ಲಿ ಭೀಮ, ಕರಡಿ, ಭುವನೇಶ್ವರಿ ಅಂತ ಹೆಸರಿವೆ, ಅವುಗಳ ನಡೆ ನುಡಿ ಎಲ್ಲ ಸುದ್ದಿಯಾಗುತ್ತವೆ. ಆದರೆ ಅದೇ ತೋಟಗಳಲ್ಲಿ ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟು ಆನೆ ಕಾಲಿಗೆ ಸಿಕ್ಕವರು ಎಷ್ಟು ಮಂದಿ! ಅವರಲ್ಲಿ ಒಬ್ಬರ ಹೆಸರು ಹೇಳಿ ನೋಡೋಣ. ಆಗುವುದಿಲ್ಲ. ಯಾಕೆಂದರೆ ತಲೆಬರಹದಲ್ಲಿ ಅವರು "ಕೂಲಿ ಕಾರ್ಮಿಕ ಬಲಿ". ಹೆಸರು ಒಳಗೆಲ್ಲೋ ಮೂರನೇ ಸಾಲಿನಲ್ಲಿ, "ಎಂಬಾತ" ಅನ್ನುವ ಬಾಲ ಕಟ್ಟಿಕೊಂಡು ಕೂತಿರುತ್ತದೆ.

ಇನ್ನು ಮೂರನೆಯ ಕೈಚಳಕ. ಅದು "ಆಯಿತು" ಅನ್ನುವ ಪದ. ಹಲ್ಲೆ ಆಯಿತು, ಬಹಿಷ್ಕಾರ ಆಯಿತು, ಗುಡಿಸಲು ಭಸ್ಮವಾಯಿತು. ಮಳೆ ಆಯಿತು ಅಂದ ಹಾಗೆ. ಮಾಡಿದವರು ಯಾರು? ವಾಕ್ಯದಲ್ಲಿ ಆ ಜಾಗ ಖಾಲಿ. ಏಟು ತಿಂದವರ ಜಾತಿ ದಪ್ಪ ಅಕ್ಷರದಲ್ಲಿ ಇರುತ್ತದೆ. ಹೊಡೆದವರು "ಒಂದು ಗುಂಪು", "ಮತ್ತೊಂದು ಕೋಮು", "ಸವರ್ಣೀಯರು". ಒಬ್ಬರಿಗೆ ಹೆಸರಿಟ್ಟು ಕರೆಯುವುದು, ಇನ್ನೊಬ್ಬರಿಗೆ ಮುಸುಕು ಹಾಕಿ ಕಾಯುವುದು.

2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಬೆಂಕಿಯಲ್ಲಿ ಸುಟ್ಟರು. ಇಂಥ ಸುದ್ದಿಗೆ ನಮ್ಮ ಭಾಷೆ ಇಟ್ಟುಕೊಂಡಿರುವ ಪದ "ಸಜೀವ ದಹನ". ಸುಡುವವನೇ ಇಲ್ಲದ ಪದ. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಕೆಳಗಿನ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಇದ್ದವು, ಸುಟ್ಟವರು ಇರಲಿಲ್ಲ. ವ್ಯಾಕರಣದಲ್ಲಿ ಮೊದಲು ಆದದ್ದು ಕೊನೆಗೆ ಕೋರ್ಟಿನಲ್ಲೂ ಆಯಿತು. ಪತ್ರಿಕೆಯ ಒಂದು ಪದದಿಂದಲೇ ಸಾಕ್ಷಿ ತಿರುಗಿತು ಅನ್ನುವಷ್ಟು ದಡ್ಡರು ನಾವಲ್ಲ. ಸಾಕ್ಷಿ ಹೇಳಿದ ಮೇಲೆ ಅದೇ ಊರಲ್ಲಿ, ಅದೇ ಜಮೀನುದಾರರ ಕಣ್ಣೆದುರು ಬಾಳಬೇಕಿತ್ತು. ಆದರೆ ಮಾಡಿದವರನ್ನು ಹೆಸರಿಸದೆ ಮಾತಾಡುವುದೇ ಸಭ್ಯತೆ ಅಂತ ಇಡೀ ನಾಡಿಗೆ ಕಲಿಸಿದ ಮೇಲೆ, ಒಬ್ಬ ಬಡ ಸಾಕ್ಷಿ ಮಾತ್ರ ಎದ್ದು ನಿಂತು ಹೆಸರು ಹೇಳಲಿ ಅಂತ ಯಾವ ಬಾಯಲ್ಲಿ ಕೇಳುತ್ತೀರಿ?

ನಮ್ಮ ಹಾಸನ ಜಿಲ್ಲೆಯದೇ ಇನ್ನೊಂದು. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಣ್ಣುಮಕ್ಕಳು ಬಸವೇಶ್ವರನ ಗುಡಿಯೊಳಗೆ ಹೋದರು. ಅವರಿಗೆ ದಂಡ ಹಾಕಿದರು. 1950ರಿಂದ ಜಾರಿಯಲ್ಲಿರುವ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಗುಡಿಗೆ ಹೋದವರದು ಹಕ್ಕು, ದಂಡ ಹಾಕಿದವರದು ಅಪರಾಧ. ಆದರೆ ಇಂಥದ್ದಕ್ಕೆ ನಾವೆಲ್ಲ ಬಳಸುವ ಮಾತು "ದೇಗುಲ ಪ್ರವೇಶ ವಿವಾದ". ವಿವಾದ ಅಂದರೆ ಎರಡು ಕಡೆಯೂ ಒಂದಿಷ್ಟು ನ್ಯಾಯ ಇದೆ ಅಂತ ಅರ್ಥ. ಒಂದೇ ಪದ ಹಕ್ಕನ್ನೂ ಅಪರಾಧವನ್ನೂ ಒಂದೇ ತಕ್ಕಡಿಗೆ ಹಾಕಿತು.

1989ರ ದೌರ್ಜನ್ಯ ತಡೆ ಕಾಯ್ದೆಯ ಗತಿಯೂ ಅಷ್ಟೆ. ಜಮೀನು ಕಸಿಯುವುದು, ಮಲ ತಿನ್ನಿಸುವುದು, ಬೆತ್ತಲೆ ಮೆರವಣಿಗೆ, ಮತ ಹಾಕದಂತೆ ತಡೆಯುವುದು, ಇವೆಲ್ಲ ಅದರಲ್ಲಿವೆ. ಜನರ ಬಾಯಲ್ಲಿ, ಪತ್ರಿಕೆಯಲ್ಲಿ, ಅದು ಬರೀ "ಜಾತಿನಿಂದನೆ ಕೇಸು". ಬೈದದ್ದಕ್ಕೆಲ್ಲ ಕೇಸು ಹಾಕ್ತಾರೆ ಅಂತ ಗೊಣಗುವುದಕ್ಕೆ ಈ ಹೆಸರು ಬಹಳ ಅನುಕೂಲ. ಬೈಗುಳದ ಕಲಮಾದರೂ ಎಷ್ಟು ದೂರ ಬರುತ್ತದೆ? ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಬೈದಿರಬೇಕು. ನಾಲ್ಕು ಗೋಡೆಯ ಒಳಗೆ, ಹೊರಗಿನವರು ಇಲ್ಲದಾಗ ಆಡಿದ್ದು ಈ ಕಲಮಿಗೆ ಬಾರದು ಅಂತ 2020ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ ಹೇಳಿತು. ಕಾನೂನು ಹಿಡಿಯುವುದು ಬೈಗುಳವನ್ನು. "ಗ್ರಾಮಸ್ಥರು", "ಎಂಬಾತ", "ವಿವಾದ", ಇವನ್ನು ಯಾವ ಕಾನೂನೂ ಹಿಡಿಯುವುದಿಲ್ಲ, ಹಿಡಿಯಲೂ ಬಾರದು. ಇವು ಪೊಲೀಸರ ಕೆಲಸವಲ್ಲ, ನಮ್ಮ ಕೆಲಸ.

ಹಾಗಾದರೆ ಈ ನಾಡು ಮಾತಿಗೆ ಸಿಟ್ಟಾಗುವುದೇ ಇಲ್ಲವೆ? ಆಗುತ್ತದೆ. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಅರಸು ಸರ್ಕಾರದ ಮಂತ್ರಿ. ಮಲದ ಬುಟ್ಟಿಯನ್ನು ಮನುಷ್ಯರ ತಲೆಯಿಂದ ಇಳಿಸಿ ಅಂತ ಆಜ್ಞೆ ಮಾಡಿದವರು. ಆ ಒಂದು ಪದಕ್ಕೆ ಬೀದಿಗಳು ಹೊತ್ತಿ ಉರಿದವು. ದಲಿತ ವಿದ್ಯಾರ್ಥಿಗಳಿಗೆ ಹೊಡೆದರು. ಕೊನೆಗೆ ಅವರು ಮಂತ್ರಿ ಪದವಿ ಬಿಡಬೇಕಾಯಿತು. ಶತಮಾನಗಳ ಕಾಲ ತಲೆ ಮೇಲೆ ಮಲ ಹೊರಿಸಿದ್ದಕ್ಕೆ ಒಂದು ದಿನವೂ ಬಂದ್ ಆಗದ ನಾಡಿನಲ್ಲಿ, ದನ ತಿನ್ನುವ ಒಂದು ಪದಾರ್ಥದ ಹೆಸರು ಹೇಳಿದ್ದಕ್ಕೆ ಬಂಡೆದ್ದರು! ಅಂದರೆ ಮಾತು ಬರೀ ಮಾತು, ಅದಕ್ಕೇನು ಮಹಾ ಅನ್ನುವ ವಾದ ಉಳ್ಳವರಿಗೇ ನಂಬಿಕೆಯಿಲ್ಲದ ವಾದ. ಮಾತಿನ ಶಕ್ತಿ ಅವರಿಗೆ ಚೆನ್ನಾಗಿ ಗೊತ್ತು. ಯಾರು ಯಾರಿಗೆ ಆಡಿದರು ಅನ್ನುವುದಷ್ಟೆ ಲೆಕ್ಕ. ಆ ಬೆಂಕಿಯಿಂದಲೇ ಕರ್ನಾಟಕದಲ್ಲಿ ದಲಿತ ಚಳವಳಿ ಎದ್ದು ಬಂತು ಅನ್ನುವುದು ಬೇರೆ ಮಾತು.

ಬರೆಯುವ ಕೈ ಯಾರದು ಅನ್ನುವುದನ್ನೂ ಕೇಳಬೇಕು. 1920ರ ಜನವರಿ 31ರಂದು ಬಾಬಾಸಾಹೇಬರು 'ಮೂಕನಾಯಕ' ಶುರು ಮಾಡಿದಾಗ, ದುಡ್ಡು ಕೊಡುತ್ತೇವೆಂದರೂ 'ಕೇಸರಿ' ಅದರ ಜಾಹೀರಾತು ಹಾಕಲಿಲ್ಲ. ಮುಕ್ಕಾಲು ಶತಮಾನ ಕಳೆದ ಮೇಲೆ, 1996ರಲ್ಲಿ, ಅಮೆರಿಕದ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಒಬ್ಬ ಕರಿಯ ವರದಿಗಾರರು ದೆಹಲಿಯಲ್ಲಿ ಬಿ.ಎನ್. ಉನಿಯಾಲ್ ಅನ್ನುವ ಪತ್ರಕರ್ತರನ್ನು ಒಬ್ಬ ದಲಿತ ಪತ್ರಕರ್ತರ ವಿಳಾಸ ಕೇಳಿದರು. ಉನಿಯಾಲ್ ಸರ್ಕಾರದ ಮಾನ್ಯತೆ ಪಡೆದ 686 ಪತ್ರಕರ್ತರ ಪಟ್ಟಿ ಹಿಡಿದು ಹುಡುಕಿದರು. ಅವರಿಗೆ ಒಬ್ಬರೂ ಸಿಗಲಿಲ್ಲ. ಆ ಪ್ರಶ್ನೆ ಕೇಳಲು ಒಬ್ಬ ಕರಿಯನೇ ಬರಬೇಕಾಯಿತು ಅನ್ನುವುದನ್ನು ನೆನಪಿಡಿ. ತನ್ನ ನಾಡಿನಲ್ಲಿ ಕಾಣದಂತೆ ಮಾಡಲ್ಪಟ್ಟವನಿಗೇ ಇನ್ನೊಂದು ನಾಡಿನಲ್ಲಿ ಕಾಣದವರು ಕಂಡರು.

ಬಾಬಾಸಾಹೇಬರಿಗೂ ಈ ನಂಟು ಕಂಡಿತ್ತು. ಜಾತಿ ಎಂದರೆ ರಕ್ತದ ಬೇರೆ ಬೇರೆ ಜನಾಂಗ ಅನ್ನುವ ವಾದವನ್ನು ಅವರು ಒಪ್ಪಲಿಲ್ಲ. ಆದರೂ 1946ರಲ್ಲಿ ಅಮೆರಿಕದ ಕರಿಯರ ನಾಯಕ ಡುಬಾಯ್ಸ್ ಅವರಿಗೆ ಕಾಗದ ಬರೆದು ಎರಡು ಜನರ ಸ್ಥಿತಿಯ ಹೋಲಿಕೆ ಹೇಳಿದರು. 2001ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಜನಾಂಗಭೇದದ ವಿರುದ್ಧ ವಿಶ್ವಸಮ್ಮೇಳನ ನಡೆದಾಗ ದಲಿತರು ಅಲ್ಲಿಗೆ ಹೋಗಿ ನಮ್ಮದನ್ನೂ ಕೇಳಿ ಅಂದರು. ಜಾತಿ ಜನಾಂಗವಲ್ಲ, ಅದು ಇಲ್ಲಿ ಚರ್ಚೆಗೆ ಬಾರದು ಅಂತ ಭಾರತ ಸರ್ಕಾರ ವಾದಿಸಿತು. ನೋವು ಇದೆಯೋ ಇಲ್ಲವೋ ಅನ್ನುವ ಪ್ರಶ್ನೆಗೆ ನಿಘಂಟು ತೆಗೆದು ಉತ್ತರ ಕೊಟ್ಟರು. ಮರುವರ್ಷವೇ ವಿಶ್ವಸಂಸ್ಥೆಯ ಜನಾಂಗಭೇದ ನಿರ್ಮೂಲನ ಸಮಿತಿ, ಹುಟ್ಟಿನಿಂದ ಬರುವ ಜಾತಿಯಂಥ ತಾರತಮ್ಯವೂ ತನ್ನ ವ್ಯಾಪ್ತಿಗೆ ಬರುತ್ತದೆ ಅಂತ ಹೇಳಿತು.

ಜನಾಂಗದ ಹೆಸರಲ್ಲೇ ಹೊಡೆದಾಗಲಾದರೂ ಒಪ್ಪಿದೆವೆ? 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟದ ಹತ್ತಿರ ಸುಡಾನ್ ದೇಶದ ಒಬ್ಬ ವಿದ್ಯಾರ್ಥಿಯ ಕಾರಿಗೆ ಸಿಕ್ಕು ಹೆಣ್ಣುಮಗಳೊಬ್ಬಳು ಸತ್ತಳು. ಆಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ಒಬ್ಬ ವಿದ್ಯಾರ್ಥಿನಿಯ ಮೇಲೆ ಗುಂಪು ಬಿತ್ತು. ಸುಡಾನ್ ಎಲ್ಲಿ, ತಾಂಜಾನಿಯಾ ಎಲ್ಲಿ? "ಆಫ್ರಿಕಾದೋರು" ಅನ್ನುವ ಒಂದೇ ಪದ ಇಬ್ಬರನ್ನೂ ಒಬ್ಬರನ್ನಾಗಿ ಮಾಡಿತು. ಇದು ಜನಾಂಗೀಯ ದಾಳಿಯಲ್ಲ ಅಂತ ಸರ್ಕಾರದ ಕಡೆಯಿಂದ ಹೇಳಿಕೆ ಬಂತು.

ಈಗ ನಮ್ಮ ಬಾಯಿಗೆ ಬರೋಣ. ನಮ್ಮ ತೋಟಗಳಿಗೆ ಈಗ ಅಸ್ಸಾಮಿನಿಂದ ಜನ ಬರುತ್ತಿದ್ದಾರೆ. ಬಂಗಾಳಿ ಮಾತಾಡುವ ಮುಸ್ಲಿಮರಿದ್ದಾರೆ, ಟೀ ತೋಟದ ಆದಿವಾಸಿಗಳಿದ್ದಾರೆ. ನಾವು ಬಿಟ್ಟ ಲೈನ್ ಮನೆಗಳಲ್ಲೇ ಅವರ ಬಿಡಾರ. ಅವರನ್ನು ನಾವು ಏನಂತ ಕರೆಯುತ್ತೇವೆ? "ಹಿಂದಿಯೋರು." ಸಂಬಳದ ಜಗಳ ಬಂದರೆ "ಬಾಂಗ್ಲಾದೋರು". ಪತ್ರಿಕೆಯಲ್ಲಿ "ಅಕ್ರಮ ವಲಸಿಗರು" ಅನ್ನುವ ತಲೆಬರಹ ಬಂದರೆ, ಯಾರು, ಎಲ್ಲಿಯವರು ಅಂತ ಕೇಳದೆ ನಮ್ಮ ಕೇರಿಯ ಹುಡುಗರೂ ಅದನ್ನೇ ಆಡುತ್ತಾರೆ. 2012ರ ಆಗಸ್ಟ್‌ನಲ್ಲಿ ಬರೀ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದ್ದನ್ನು ನಾವು ನೋಡಿದ್ದೇವೆ. ನಿನ್ನೆ ನಮ್ಮನ್ನು ಊರಿಂದ ಆಚೆ ಇಟ್ಟ ಪದವನ್ನು ಇವತ್ತು ನಾವು ಇನ್ನೊಬ್ಬರ ಮೇಲೆ ಎಸೆದರೆ, ಆ ಪದಕ್ಕೆ ಹೊಸ ಆಯುಸ್ಸು ಕೊಟ್ಟವರು ನಾವೇ. ಇದನ್ನು ಹೇಳದೆ ಮೇಲ್ಜಾತಿಯವರನ್ನು ಮಾತ್ರ ಬೈದು ಮುಗಿಸಿದರೆ ಈ ಬರಹಕ್ಕೆ ನೈತಿಕ ಹಕ್ಕಿಲ್ಲ.

ಮೊದಲ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಮಲೆನಾಡಿನವರಿಗೆ ಒತ್ತುವರಿ ಗೊತ್ತು. ಅಜ್ಜ ರಾತ್ರೋರಾತ್ರಿ ಬೇಲಿ ಸರಿಸಿದ. ಮೊಮ್ಮಗ ಬೇಲಿ ಮುಟ್ಟಿದವನಲ್ಲ, ಒಳ್ಳೆಯವನು. ಆದರೆ ವರ್ಷ ವರ್ಷ ಆ ನೆಲದ ಫಸಲು ಕೊಯ್ಯುವವನು ಅವನೇ. ಬೇಲಿ ಸರಿಸಿದ ತಪ್ಪು ಅವನದಲ್ಲ ಅನ್ನೋಣ. ಗೊತ್ತಾದ ದಿನದಿಂದ ಬೇಲಿಯ ಹೊಣೆ ಅವನದೇ. ಮಾತೂ ಹಾಗೆಯೇ. "ನನ್ನ ಮನಸ್ಸಲ್ಲಿ ಏನೂ ಇಲ್ಲ" ಅನ್ನುವುದು ನಿಜವಿರಬಹುದು. ಮನಸ್ಸಲ್ಲಿ ಇಲ್ಲದಿದ್ದರೂ ಮಾತಿನಲ್ಲಿದೆ. ಆಡುವವನ ಅಪ್ಪಣೆ ಕೇಳದೆ ಅದು ತನ್ನ ಕೆಲಸ ಮುಗಿಸಿಬಿಡುತ್ತದೆ.

ಹೆಸರು ಬದಲಾಯಿಸಿದರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. ಗ್ಯಾಂಗ್‌ಮನ್ ಹೋಗಿ ಟ್ರ್ಯಾಕ್ ಮೇಂಟೇನರ್ ಆದರು, ಸುತ್ತಿಗೆ ಅದೇ. ಹರಿಜನ ಅಂದರು, ಅದು ಕೊಟ್ಟ ಹೆಸರು, ನಾವು ಕೇಳಿದ್ದಲ್ಲ. ದಲಿತ ಅನ್ನುವುದು ನಾವೇ ಎತ್ತಿಕೊಂಡ ಹೆಸರು. ಅದನ್ನು ಬಿಟ್ಟು ಪರಿಶಿಷ್ಟ ಜಾತಿ ಅನ್ನಿ ಅಂತ 2018ರ ಆಗಸ್ಟ್‌ನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಟಿ.ವಿ. ಚಾನೆಲ್‌ಗಳಿಗೆ ಸಲಹೆ ಕೊಟ್ಟಿತು. 1975ರಲ್ಲಿ ಸಿದ್ಧಲಿಂಗಯ್ಯನವರು ಬೈಗುಳವಾಗಿದ್ದ ಎರಡು ಜಾತಿ ಹೆಸರುಗಳನ್ನೇ ತಮ್ಮ ಕವನಸಂಕಲನದ ತಲೆ ಮೇಲೆ ಇಟ್ಟು 'ಹೊಲೆ ಮಾದಿಗರ ಹಾಡು' ಅಂದಾಗ ಆ ಪದಗಳ ಬೆನ್ನು ನೆಟ್ಟಗಾಯಿತು. ಪದ ಯಾವುದು ಅನ್ನುವುದಕ್ಕಿಂತ, ಅದರ ಹಗ್ಗ ಯಾರ ಕೈಯಲ್ಲಿದೆ ಅನ್ನುವುದು ಮುಖ್ಯ.

ಮೇಷ್ಟ್ರುಗಳಿಗೆ, ವಿದ್ಯಾರ್ಥಿಗಳಿಗೆ ನಮ್ಮದು ಸಣ್ಣ ಮಾತು. ಶಾಲೆಯಲ್ಲಿ ವ್ಯಾಕರಣ ಕಲಿಸುವಾಗ ಪತ್ರಿಕೆಯ ಒಂದು ಸುದ್ದಿ ತನ್ನಿ. ಕರ್ತೃ ಎಲ್ಲಿ ಅಂತ ಮಕ್ಕಳನ್ನು ಕೇಳಿ. ಯಾರಿಗೆ "ರು" ಸಿಕ್ಕಿದೆ, ಯಾರಿಗೆ ಇಲ್ಲ ಅಂತ ಗೆರೆ ಎಳೆಯಲು ಹೇಳಿ. "ಗ್ರಾಮಸ್ಥರು" ಅಂತ ಬಂದ ಕಡೆ ಆ ಗ್ರಾಮದ ಎಲ್ಲ ಕೇರಿಗಳನ್ನೂ ಬರೆಸಿ. ಲೈನ್ ಮನೆಯ ಅಪ್ಪನಿಗೂ ಪ್ಲಾಂಟರಿಗೂ ಒಂದೇ ಕ್ರಿಯಾಪದ ಬಳಸಿ. ಮೊದಲ ದಿನ ನಾಲಿಗೆ ತಡವರಿಸುತ್ತದೆ. ತಡವರಿಸಲಿ.

2024ರ ಜುಲೈ 26ರಂದು ಎಡಕುಮೇರಿಗೂ ಕಡಗರವಳ್ಳಿಗೂ ನಡುವೆ ಗುಡ್ಡ ಕುಸಿಯಿತು. ರೈಲುಗಳು ನಿಂತವು. ಆಗಸ್ಟ್‌ನಲ್ಲಿ "ಹಳಿ ದುರಸ್ತಿಯಾಯಿತು, ಸಂಚಾರ ಪುನರಾರಂಭವಾಯಿತು" ಅಂತ ಓದಿದೆವು. 1979ರಲ್ಲಿ ಈ ಮಾರ್ಗ ಉದ್ಘಾಟನೆ "ಆದಾಗಲೂ" ಹೀಗೆಯೇ. 57 ಸುರಂಗ, 109 ಸೇತುವೆ ಅಂತ ಎಲ್ಲರೂ ಎಣಿಸುತ್ತಾರೆ, ಕೊರೆದ ಕೈಗಳ ಎಣಿಕೆ ಇಲ್ಲ. ಆ ವಾಕ್ಯವನ್ನು ನಾವು ತಿದ್ದಿ ಬರೆಯುತ್ತೇವೆ. ಹಳಿ ದುರಸ್ತಿಯಾಗಲಿಲ್ಲ. ಸುರಿಯುವ ಮಳೆಯಲ್ಲಿ, ಹಗಲೂ ರಾತ್ರಿ, ಕೆಸರಿನಲ್ಲಿ ನಿಂತು, ನೂರಾರು ಕಾರ್ಮಿಕರು ಅದನ್ನು ದುರಸ್ತಿ ಮಾಡಿದರು. ಎಡಕುಮೇರಿಯಲ್ಲಿ ಮನುಷ್ಯರಿದ್ದಾರೆ.